ಮಧುಮತಿಯಕ್ಕ ಮರೆತ ಸಾಲು

ಬನಶಂಕರಿ ಎರಡನೇ ಹಂತದ ಆ ಮಹಡಿ ಮನೆಯಲ್ಲಿ ಮಧ್ಯಾಹ್ನ ಎರಡೂವರೆಯಿಂದ ನಾಲ್ಕರವರೆಗೆ ಕಿಟ್ಟಿಯ ನಿದ್ದೆಯ ಹೊತ್ತು. ಆ ಹೊತ್ತಿನಲ್ಲಿ ಮಿಕ್ಸಿ ಹಾಕುವಂತಿಲ್ಲ, ಕುಕ್ಕರ್ ಇಡುವಂತಿಲ್ಲ. ಕೊರಿಯರ್‌ನವನು ಬಂದರೆ ಬೆಲ್ ಒತ್ತಬೇಡ ಎಂದು ಹೆಂಡತಿ ವಾರಿಜ ಬಾಲ್ಕನಿಯಿಂದಲೇ ಸನ್ನೆ ಮಾಡಿ ತಾನೇ ಇಳಿದುಹೋಗುತ್ತಿದ್ದಳು. ಮದುವೆಯಾದಾಗಿನಿಂದ ನಡೆದುಬಂದಿದ್ದ ಈ ಏರ್ಪಾಡು ಶ್ರಾವಣದ ಒಂದು ಶುಕ್ರವಾರ ಮುರಿಯಿತು. ಮೂರೂಕಾಲಿಗೆ ಕಿಟ್ಟಿಗೆ ಎಚ್ಚರವಾಯಿತು. ಪಕ್ಕದ ಕೋಣೆಯಲ್ಲಿ ಯಾರೋ ಹೆಂಗಸು ಗುನುಗುತ್ತಿದ್ದಳು. ಒಂದೇ ತುಣುಕು. ಮುಗಿದ ಕೂಡಲೇ ಮತ್ತೆ ಮೊದಲಿನಿಂದ. ಅದರ ಕೆಳಗೆ ತಬಲಾ, ತಬಲಾದ ಮೇಲೆ ಎದೆಗೆ ಗುದ್ದುವಂಥ ಡ್ರಮ್ಮು.

ದನಿ ಎಳೆಯ ಹುಡುಗಿಯದರಂತೆ ತೆಳ್ಳಗಿತ್ತು. ಆದರೆ ಸ್ವರ ಎಳೆದು ಬಿಡುವ ಕಡೆ ಒಂದು ಚಿಕ್ಕ ನಡುಕವಿತ್ತು. ನಾಲ್ಕನೇ ಸಲಕ್ಕೆ ಕಿಟ್ಟಿಗೆ ಗುರುತು ಹತ್ತಿತು. ಪಂಚೆ ಸರಿಮಾಡಿಕೊಳ್ಳುತ್ತ ಎದ್ದು ಮಗಳ ಕೋಣೆಗೆ ನಡೆದ.

ಸಮನ್ವಿತಾಗೆ ಅವತ್ತು ವಾರದ ರಜ. ಜೆ.ಪಿ. ನಗರದ ಒಂದು ಲ್ಯಾಬಿನಲ್ಲಿ ರಕ್ತ ಕೊಡಲು ಬಂದವರಿಗೆ ಟೋಕನ್ ಕೊಡುವ, ರಿಪೋರ್ಟ್ ಕೊಡುವ ಕೆಲಸ ಅವಳದು. ಬೆಳಗ್ಗೆ ಆರೂವರೆಗೆ ಶುರು. ಮಿಕ್ಕ ಹೊತ್ತೆಲ್ಲ ಲ್ಯಾಪ್‌ಟಾಪಿನ ಮುಂದೆ. ಈಗಲೂ ಅಲ್ಲೇ ಕೂತಿದ್ದಳು. ಲ್ಯಾಪ್‌ಟಾಪಿಗೆ ವೈರು ಸಿಕ್ಕಿಸಿದ ಅಪ್ಪನ ಹಳೆಯ ಡೆಕ್ಕು, ಡೆಕ್ಕಿನ ಒಳಗೆ ಒಂದು ಕ್ಯಾಸೆಟ್ಟು. ಅದರ ಖಾಲಿ ಡಬ್ಬಿ ಮೇಜಿನ ಮೇಲಿತ್ತು. ಡಬ್ಬಿಯ ಮೇಲೆ ಕಿಟ್ಟಿಯದೇ ಅಕ್ಷರ: 'ಗಣೇಶ 88, ಮೂಲ'.

"ಎಲ್ಲಿ ಸಿಕ್ತು ಇದು?"

"ಬೀರುನಲ್ಲಿ, ಕೆಳಗಿನ ಸಾಲಲ್ಲಿ. ಬೇಕಾದ್ದು ತಗೋ ಅಂತ ನೀನೇ ಹೇಳಿದ್ಯಲ್ಲಪ್ಪ."

"ಇದನ್ನಲ್ಲ. ನಿಲ್ಸು."

"ಒಂದ್ನಿಮಿಷ ಕೇಳು, ಸಖತ್ತಾಗಿ ಬಂದಿದೆ. ಹಾಡ್ತಾ ಹಾಡ್ತಾ ಇವ್ರಿಗೆ ಸಾಲು ಮರೆತುಹೋಗತ್ತೆ. ನಿಲ್ಲಿಸೋ ಬದ್ಲು ಗುನುಗ್ತಾರೆ. ಆ ಗುನುಗನ್ನ ಮಾತ್ರ ತಗೊಂಡು..."

"ನಿಲ್ಸು ಅಂದೆ."

"ಇರಪ್ಪ, ಪೂರ್ತಿ ಕೇಳು."

ಕಿಟ್ಟಿ ಬಗ್ಗಿ ಗೋಡೆಯ ಪ್ಲಗ್ ಕಿತ್ತ. ಲ್ಯಾಪ್‌ಟಾಪಿನ ಬ್ಯಾಟರಿ ಸತ್ತು ವರ್ಷವಾಗಿತ್ತು, ಅದು ಓಡುತ್ತಿದ್ದದ್ದು ಗೋಡೆಯ ಕರೆಂಟಿನ ಮೇಲೇ. ಪರದೆ ಕಪ್ಪಾಯಿತು, ಗುನುಗು ನಡುವೆಯೇ ನಿಂತಿತು.

ಸಮನ್ವಿತಾ ಕಪ್ಪು ಪರದೆಯನ್ನೇ ನೋಡಿದಳು. "ಬೆಳಗ್ಗೆ ಒಂಬತ್ತಕ್ಕೆ ಕೂತಿದ್ದೆ," ಅಂದಳು. "ಸೇವ್ ಮಾಡಿರ್ಲಿಲ್ಲ."

ಕಿಟ್ಟಿ ಡೆಕ್ಕಿನಿಂದ ಕ್ಯಾಸೆಟ್ಟು ತೆಗೆದ. ಬನಿಯನ್ನಿಗೆ ಜೇಬಿರಲಿಲ್ಲ. ಕೈಯಲ್ಲೇ ಹಿಡಿದುಕೊಂಡು ಹೋಗಿ ದಿಂಬಿನ ಕೆಳಗಿಟ್ಟು ಮಲಗಿದ. ನಿದ್ದೆ ಬರಲಿಲ್ಲ.

ಹಾಗೆ ನೋಡಿದರೆ ಮಗಳು ಈ ಹುಚ್ಚು ಹಚ್ಚಿಕೊಂಡಾಗ ಮೊದಲು ಖುಷಿಪಟ್ಟವನು ಕಿಟ್ಟಿಯೇ. ಅವನು ಹದಿನೆಂಟು ವರ್ಷ ಜಯನಗರ ನಾಲ್ಕನೇ ಬ್ಲಾಕಿನಲ್ಲಿ 'ಇಂಚರ ರೆಕಾರ್ಡಿಂಗ್' ಎಂಬ ಅಂಗಡಿ ಇಟ್ಟಿದ್ದ. ಜನ ಬೇಕಾದ ಹಾಡುಗಳ ಪಟ್ಟಿ ಬರೆದು ತರುತ್ತಿದ್ದರು, ಇವನು ಖಾಲಿ ಕ್ಯಾಸೆಟ್ಟಿಗೆ ತುಂಬಿಸಿ ಕೊಡುತ್ತಿದ್ದ. ಗಣೇಶನ ಹಬ್ಬ, ರಾಜ್ಯೋತ್ಸವ ಬಂದರೆ ಡೆಕ್ಕು ಹೊತ್ತುಕೊಂಡು ಪೆಂಡಾಲಿಗೆ ಹೋಗಿ ಆರ್ಕೆಸ್ಟ್ರಾಗಳನ್ನು ರೆಕಾರ್ಡ್ ಮಾಡಿ ಪ್ರತಿ ಮಾರುತ್ತಿದ್ದ. ಆಮೇಲೆ ಸಿ.ಡಿ. ಬಂತು, ಮೊಬೈಲ್ ಬಂತು. ಅಂಗಡಿ ಜೆರಾಕ್ಸ್ ಅಂಗಡಿಯಾಯಿತು, ಎರಡು ವರ್ಷದ ಹಿಂದೆ ಅದೂ ಮುಚ್ಚಿತು. ನಾನೂರು ಚಿಲ್ಲರೆ ಕ್ಯಾಸೆಟ್ಟುಗಳು ಬೀರು ಸೇರಿ ವಾರಿಜಳ ಬೈಗುಳಕ್ಕೆ ವಸ್ತುವಾದವು.

ಮಗಳು ಬೀರು ತೆಗೆದು ಒಂದೊಂದೇ ಧೂಳು ಒರೆಸತೊಡಗಿದಾಗ ಕಿಟ್ಟಿ ತಾನೇ ಎಸ್.ಪಿ. ರಸ್ತೆಗೆ ಹೋಗಿ ಡೆಕ್ಕಿಗೆ ಬೆಲ್ಟು ಹುಡುಕಿ ತಂದು ಹಾಕಿಕೊಟ್ಟಿದ್ದ. ಹಳೆಯ ಹಾಡಿನಿಂದ ನಾಲ್ಕು ಸೆಕೆಂಡು ಕತ್ತರಿಸಿ, ವೇಗ ಬದಲಿಸಿ, ತಿರುಗಿಸಿ ತಿರುಗಿಸಿ ಹಾಕಿ, ಕೆಳಗೆ ಡ್ರಮ್ಮು ಸೇರಿಸಿದರೆ ಅದು ಬೀಟ್ ಎಂದು ಅವಳು ವಿವರಿಸಿದ್ದಳು. "ಹಳೇ ರೇಷ್ಮೆ ಸೀರೆ ಅಂಚು ಕತ್ತರಿಸಿ ಬ್ಲೌಸಿಗೆ ಹಾಕಿಸ್ತೀವಲ್ಲ, ಹಾಗೆ ಅನ್ನು," ಎಂದಿದ್ದಳು ವಾರಿಜ. ಆ ಬೀಟಿನ ಮೇಲೆ ಮಾತನ್ನು ಪಟಪಟನೆ ಹೇಳುವವನು ಮಡಿವಾಳದ ಮೋಹಿತ್. ಅವಳ ಕಾಲೇಜಿನ ಗೆಳೆಯ, ಈಗ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಕೆಲಸ.

ಅಪ್ಪ ಮಗಳಿಗೆ ಜಗಳವಾಗುತ್ತಿದ್ದದ್ದು ಒಂದೇ ವಿಷಯಕ್ಕೆ. "ಟೇಪಿನ ಸುಯ್ ಅನ್ನೋ ಸದ್ದು ತೆಗೆಯೋಕೆ ಜೀವಮಾನ ಎಲ್ಲ ಒದ್ದಾಡಿದೀನಿ, ನೀನು ಅದನ್ನ ಬೇಕು ಅಂತ ಹಾಕ್ತೀಯಲ್ಲೇ." "ಅದಿದ್ರೇನೇ ಬೆಚ್ಚಗಿರೋದು ಅಪ್ಪ." ಅದು ಊಟದ ಜೊತೆ ಉಪ್ಪಿನಕಾಯಿಯಂತೆ ನಡೆಯುವ ಜಗಳ. ಪ್ಲಗ್ ಕೀಳುವವರೆಗೆ ಯಾವತ್ತೂ ಹೋಗಿರಲಿಲ್ಲ.

ಶನಿವಾರದಿಂದ ಸಮನ್ವಿತಾ ಅಪ್ಪನ ಜೊತೆ ಮಾತು ಬಿಟ್ಟಳು. ಮನೆಯಲ್ಲಿರುವುದು ಮೂರೇ ಜನ. ಇಬ್ಬರು ಮಾತು ಬಿಟ್ಟರೆ ಮೂರನೆಯವರ ಬಾಯಿಗೆ ಕೆಲಸ ಹೆಚ್ಚು.

"ಅಮ್ಮ, ಅಪ್ಪಂಗೆ ಹೇಳು, ಗ್ಯಾಸಿನವನು ಬಂದಿದಾನೆ."

"ವಾರಿಜ, ಅವಳಿಗೆ ಹೇಳು, ಸ್ಕೂಟರಲ್ಲಿ ಪೆಟ್ರೋಲಿಲ್ಲ."

ವಾರಿಜ ಪ್ರೈಮರಿ ಶಾಲೆಯಲ್ಲಿ ಮೂವತ್ತೊಂದು ವರ್ಷ ಪಾಠ ಮಾಡಿದವಳು. ಮಂಗಳವಾರ ರಾತ್ರಿ ಹೀರೆಕಾಯಿ ಹುಳಿ ಬಡಿಸುವಾಗ ಇಬ್ಬರ ತಟ್ಟೆಯ ಪಕ್ಕದಲ್ಲೂ ಒಂದೊಂದು ಚೀಟಿ, ಒಂದೊಂದು ಪೆನ್ಸಿಲ್ ಇಟ್ಟಳು. "ನನ್ನ ಗಂಟಲು ಬಿದ್ದುಹೋಗಿದೆ. ಇನ್ಮೇಲೆ ಬರ್ಕೊಂಡು ತೋರಿಸಿಕೊಳ್ಳಿ."

ಸಮನ್ವಿತಾಗೆ ನಗು ಬಂತು, ತಡೆದುಕೊಂಡಳು. ಕಿಟ್ಟಿ ಚೀಟಿ ಎತ್ತಿಕೊಂಡು 'ಮಜ್ಜಿಗೆ' ಎಂದು ಬರೆದ.

ಭಾನುವಾರ ಬೆಳಗ್ಗೆ ಮೋಹಿತ್ ಬಂದ. ಅವನು ಬರುವ ದಿನ ವಾರಿಜ ದೋಸೆ ಹಿಟ್ಟು ಹೆಚ್ಚಾಗೇ ರುಬ್ಬುತ್ತಿದ್ದಳು. ಐದನೇ ದೋಸೆಗೆ ಚಟ್ನಿ ಹಾಕಿಸಿಕೊಳ್ಳುತ್ತ ಅವನು ಫೋನು ಮುಂದೆ ಹಿಡಿದ. "ಆಂಟಿ, ಇದು ನೋಡಿ. ಹತ್ತು-ಹನ್ನೊಂದು ದಿನದ ಹಿಂದೇನೇ, ಮೊದಲನೇ ಸಲ ಮಾಡಿದ್ದನ್ನ ಮೂವತ್ತು ಸೆಕೆಂಡು ನೆಟ್ಟಲ್ಲಿ ಹಾಕಿದ್ವಿ. ಹನ್ನೊಂದು ಸಾವಿರ ಜನ ಕೇಳವ್ರೆ."

"ಏನನ್ನ?" ಅಂದ ಕಿಟ್ಟಿ.

"ಅದೇ ಅಂಕಲ್, ಆ ಮೇಡಂ ಗುನುಗೋದು. ಮುಂದಿನ ತಿಂಗಳು ಪ್ರೋಗ್ರಾಮಲ್ಲಿ ಅದೇ ನಮ್ಮ ಮೇನ್ ಐಟಂ." ಮೋಹಿತ್ ಫೋನು ಒತ್ತಿದ. ಗುನುಗಿನ ಮೇಲೆ ಅವನ ದನಿ ಓಡಿತು:

ಬಸ್ಸಲ್ಲಿ ನಮ್ಮಮ್ಮ ನಿಂತವ್ಳೆ,
ಸಿಲ್ಕ್ ಬೋರ್ಡಲ್ಲಿ ಬಸ್ಸು ನಿಂತೈತೆ,
ಬುಟ್ಟೀಲಿ ಕಾಕಡ ಅರಳೈತೆ,
ಮಾರೋ ಹೊತ್ಗೆ ಬಾಡ್ಹೋಗ್ತೈತೆ.

ಮೋಹಿತ್‌ನ ಅಮ್ಮ ಮುನಿಲಕ್ಷ್ಮಮ್ಮ ಮಡಿವಾಳ ಮಾರ್ಕೆಟ್ಟಿನಲ್ಲಿ ಹೂವು ಮಾರುತ್ತಿದ್ದಳು. ಹಾಡು ಅವಳ ಮೇಲೇ. ಕೇಳಿ ವಾರಿಜಳ ಕಣ್ಣು ತೇವವಾಯಿತು. ಕಿಟ್ಟಿ ಅರ್ಧ ದೋಸೆ ಬಿಟ್ಟು ಕೈತೊಳೆಯಲು ಎದ್ದುಹೋದ.

ಮಧ್ಯಾಹ್ನ ಅವನು ಮಲಗಲಿಲ್ಲ. ಅಡುಗೆಮನೆಯಲ್ಲಿ ವಾರಿಜ ಮೆಂತ್ಯದ ಸೊಪ್ಪು ಬಿಡಿಸುತ್ತ ಕೂತಿದ್ದಳು. ತಾನೂ ಎದುರಿಗೆ ಕೂತು ಒಂದು ಕಂತೆ ಎಳೆದುಕೊಂಡ.

"ಬೇರು ಸೇರಿಸ್ಬೇಡಿ," ಅಂದಳು ವಾರಿಜ. ತನ್ನ ಕಂತೆ ಮುಗಿಸಿ, "ಯಾರು ಅವ್ರು?" ಎಂದು ಕೇಳಿದಳು.

"ಮಧುಮತಿ ಅಂತ. ಆರ್ಕೆಸ್ಟ್ರಾದಲ್ಲಿ ಹಾಡ್ತಿದ್ರು. ಎಂಬತ್ತೆಂಟನೇ ಇಸವಿ ಗಣೇಶನ ಹಬ್ಬ, ಯಡಿಯೂರಲ್ಲಿ ಪ್ರೋಗ್ರಾಮು. ಅವ್ರ ತಂಡದ ಮಾಸ್ತರು ದುಂಡಪ್ಪ ಅಂತ, ಅವ್ರೇ ಬರೆದ ಹಾಡು. ಎರಡನೇ ಚರಣದಲ್ಲಿ ಇವ್ರಿಗೆ ಸಾಲು ಮರೆತುಹೋಯ್ತು. ಇಪ್ಪತ್ತೆರಡು ಸೆಕೆಂಡು ಗುನುಗಿ ಹೇಗೋ ಪಲ್ಲವಿಗೆ ಬಂದ್ರು. ಜನ ಶಿಳ್ಳೆ ಹೊಡೆದ್ರು. ಇಳಿದ ಮೇಲೆ ಮಾಸ್ತರು ಎಲ್ಲರ ಮುಂದೆ ಬೈದ್ರು. ಆಮೇಲೆ ಇವ್ರು ಹಾಡ್ತಿದ್ದ ಹಾಡೆಲ್ಲ ಬೇರೆ ಹುಡುಗಿಗೆ ಹೋಯ್ತು."

"ಅದಕ್ಕೂ ನಿಮಗೂ ಏನು?"

"ಮಾರನೇ ದಿನ ಅಂಗಡಿಗೆ ಬಂದು, ಅದನ್ನ ಅಳಿಸಿಬಿಡು ಕಿಟ್ಟಿ ಅಂದ್ರು. ಅಳಿಸ್ತೀನಿ ಅಕ್ಕ ಅಂದೆ. ಮಾರೋ ಪ್ರತಿಯಲ್ಲಿ ಆ ತುಂಡು ತೆಗೆದೆ. ಎರಡು ಡೆಕ್ಕು ಇಟ್ಕೊಂಡು ಒಂದಿಡೀ ದಿನ ಕೂತು ಜೋಡಿಸಿದೆ. ಜೋಡಿಸಿದ್ದು ಅಂತ ಯಾರಿಗೂ ಗೊತ್ತಾಗಲಿಲ್ಲ. ಆದ್ರೆ ಮೂಲ ಅಳಿಸೋಕೆ ಕೈ ಬರ್ಲಿಲ್ಲ. ಅಳಿಸಿದೀನಿ ಅಂತ ಸುಳ್ಳು ಹೇಳಿದೆ."

ವಾರಿಜ ಸೊಪ್ಪು ಕೆಳಗಿಟ್ಟಳು. "ಮಾತಿಗೆ ತಪ್ಪಿದ್ದು ನೀವು. ಪ್ಲಗ್ ಕೀಳಿಸ್ಕೊಂಡಿದ್ದು ಅವಳು."

ಕಿಟ್ಟಿ ಕಂತೆಯಿಂದ ಇನ್ನೊಂದು ಬೇರು ಕಿತ್ತ.

"ನನಗೆ ಹೇಳಿದ್ದನ್ನ ಅವಳಿಗೆ ಹೇಳಿ. ಚೀಟೀಲಿ ಅಲ್ಲ."

ಸಂಜೆ ಕಾಫಿಯ ಹೊತ್ತಿಗೆ ಮಗಳಿಗೆ ಹೇಳಿದ. ಸಮನ್ವಿತಾ ಪೂರ್ತಿ ಕೇಳಿದಳು. ಲೋಟದ ಕಾಫಿ ಆರಿ ಕೆನೆ ಕಟ್ಟಿತು.

"ಇದನ್ನ ಮೊದ್ಲೇ ಹೇಳಿದ್ರೆ ನಾನು ಮುಟ್ತಿದ್ನಾ?"

"ಇಲ್ಲ."

"ಹೇಳೋಕೇನಾಗಿತ್ತು?"

"ನಾಚಿಕೆ ಆಯ್ತು ಕಣೆ."

ಅವಳು ಎದ್ದು ಕೋಣೆಗೆ ಹೋಗಿ ಹತ್ತು ನಿಮಿಷ ಬಿಟ್ಟು ಬಂದಳು. "ತೆಗೆದುಹಾಕಿದೆ," ಅಂದಳು. ಅಷ್ಟರಲ್ಲೇ ಅವಳ ಫೋನು ಬಡಿದುಕೊಂಡಿತು. ಮೋಹಿತ್. ಅವನ ದನಿ ಹಾಲಿನವರೆಗೂ ಕೇಳುತ್ತಿತ್ತು.

"ಹನ್ನೊಂದು ಸಾವಿರ ಮಗಾ. ನಮ್ಮ ಜನ್ಮದಲ್ಲಿ ಇಷ್ಟು ಜನ ಕೇಳಿಲ್ಲ."

"ಕೇಳಬೇಕಾದ ಒಬ್ರನ್ನ ನಾವು ಕೇಳಿಲ್ಲ."

"ಆ ಮೇಡಮ್ಮಿಗೆ ಎಲ್ಲಿ ಗೊತ್ತಾಗತ್ತೆ, ಬಿಡು ಗುರು."

"ನಿಮ್ಮಮ್ಮ ಮಾರ್ಕೆಟ್ಟಲ್ಲಿ ಯಾರ ಹತ್ರಾನೋ ಬೈಸಿಕೊಂಡಿದ್ದನ್ನ ನಾನು ರೆಕಾರ್ಡ್ ಮಾಡಿ ಹಾಕ್ಲಾ? ಕೇಳದೆ?"

ಆಮೇಲೆ ಅವನು ಮೆತ್ತಗೆ ಕೇಳಿದ, "ಹಂಗಾದ್ರೆ ಹೋಗಿ ಕೇಳೋಣ. ಎಲ್ಲವ್ರಂತೆ ಅವ್ರು?"

ಎಲ್ಲಿದ್ದಾರೆಂದು ಕಿಟ್ಟಿಗೆ ಹನ್ನೆರಡು ವರ್ಷದಿಂದ ಗೊತ್ತಿತ್ತು. ಜೆ.ಪಿ. ನಗರ ಆರನೇ ಫೇಸಿನಲ್ಲಿ ಮಧುಮತಿ ಒಂದು ಕಾಂಡಿಮೆಂಟ್ಸ್ ಅಂಗಡಿ ನಡೆಸುತ್ತಿದ್ದರು. ಅಲ್ಲಿನ ಕೋಡುಬಳೆ ಚೆನ್ನಾಗಿರುತ್ತದೆಂದು ಊರೆಲ್ಲ ಹೇಳಿದರೂ ಕಿಟ್ಟಿ ಮಾತ್ರ ಕತ್ರಿಗುಪ್ಪೆಗೆ ಹೋಗಿ ತರುತ್ತಿದ್ದ. ಜೆ.ಪಿ. ನಗರದ್ದು ಎಣ್ಣೆ ಜಾಸ್ತಿ ಎಂದು ವಾರಿಜಳಿಗೆ ಸುಳ್ಳು ಹೇಳಿದ್ದ.

ಮಂಗಳವಾರ ಲ್ಯಾಬು ಮುಗಿಸಿಕೊಂಡು ಬಂದ ಮಗಳನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೊರಟ. ಅಂಗಡಿ ಚಿಕ್ಕದು. ಗಾಜಿನ ಭರಣಿಗಳಲ್ಲಿ ನಿಪ್ಪಟ್ಟು, ಚಕ್ಕುಲಿ, ಖಾರದ ಅವಲಕ್ಕಿ. ತಕ್ಕಡಿಯ ಹಿಂದೆ ಎತ್ತರದ ಸ್ಟೂಲಿನ ಮೇಲೆ ಅರವತ್ತೈದು ದಾಟಿದ ಹೆಂಗಸು. ಕನ್ನಡಕವನ್ನು ಹಣೆಗೇರಿಸಿ ನೋಡಿದರು.

"ಕಿಟ್ಟಿ ಅಲ್ವಾ? ಕೂದಲೆಲ್ಲ ಎಲ್ಲೋಯ್ತೋ?"

"ನಮಸ್ಕಾರ ಅಕ್ಕ. ಇವಳು ನನ್ನ ಮಗಳು, ಸಮನ್ವಿತಾ."

"ಕೋಡುಬಳೆ ತಿನ್ನಮ್ಮ. ಬೆಳಗ್ಗೆ ಕರಿದಿದ್ದು."

ಸಮನ್ವಿತಾ ಕೋಡುಬಳೆ ಕೈಯಲ್ಲಿ ಹಿಡಿದುಕೊಂಡೇ ವಿಷಯ ಹೇಳತೊಡಗಿದಳು. ಬೀಟು, ತುಣುಕು, ತಿರುಗಿಸಿ ಹಾಕುವುದು. ಅರ್ಧ ಅರ್ಥವಾಗದೆ ಮಧುಮತಿ ಕೈ ಚಾಚಿದರು. "ಹಾಕು, ಕೇಳ್ತೀನಿ." ಹೆಡ್‌ಫೋನು ತುರುಬಿನ ಮೇಲೆ ಸರಿಯಾಗಿ ಕೂರಲಿಲ್ಲ. ಒಂದು ಕಿವಿಗೆ ಒತ್ತಿ ಹಿಡಿದುಕೊಂಡರು. ತಲೆ ತಾನಾಗಿ ತೂಗಿತು, ಬೆರಳು ತೊಡೆಯ ಮೇಲೆ ತಾಳ ಹಾಕಿತು.

"ಯಾರಮ್ಮ ಈ ಹುಡುಗಿ? ಗಂಟಲು ಚೆನ್ನಾಗಿದೆ."

ಸಮನ್ವಿತಾ ಅಪ್ಪನ ಮುಖ ನೋಡಿದಳು. ಕಿಟ್ಟಿ ಹೇಳಿದ, "ನೀವೇ ಅಕ್ಕ. ಯಡಿಯೂರಲ್ಲಿ."

ಬೆರಳು ನಿಂತಿತು. ಅದೇ ಹೊತ್ತಿಗೆ ಗಿರಾಕಿಯೊಬ್ಬಳು ಬಂದು ಕಾಲು ಕೇಜಿ ಅವಲಕ್ಕಿ ಕೇಳಿದಳು. ಮಧುಮತಿ ಹೆಡ್‌ಫೋನು ತೆಗೆದಿಟ್ಟು, ತೂಗಿ, ಪೊಟ್ಟಣ ಕಟ್ಟಿ, ಚಿಲ್ಲರೆ ಕೊಟ್ಟರು. ಅವಳು ಹೋದ ಮೇಲೆ ಕಿಟ್ಟಿಯ ಕಡೆ ತಿರುಗಿದರು.

"ಅಳಿಸ್ತೀನಿ ಅಂದಿದ್ದೆ."

"ಕೈ ಬರ್ಲಿಲ್ಲ ಅಕ್ಕ."

"ಅಳಿಸಿದೀನಿ ಅಂತಾನೂ ಹೇಳಿದ್ದೆ. ಅದೊಂದು ಹೋಯ್ತಲ್ಲ ಅಂತ ನಾನು ನೆಮ್ಮದಿಯಾಗಿದ್ದೆ."

"ತಪ್ಪಾಯ್ತು."

"ಎಷ್ಟು ಜನ ಕೇಳಿದಾರೆ ಇದನ್ನ?"

"ಹನ್ನೊಂದು ಸಾವಿರ, ಆಂಟಿ," ಅಂದಳು ಸಮನ್ವಿತಾ. "ಈಗ ತೆಗೆದಿದೀನಿ. ನೀವು ಬೇಡ ಅಂದ್ರೆ ನನ್ನ ಹತ್ರ ಇರೋದನ್ನೂ ತೆಗೀತೀನಿ. ನಿಮ್ಮೆದುರಿಗೇ."

ಮಧುಮತಿ ಭರಣಿಯ ಮುಚ್ಚಳ ಹಾಕಿದರು, ತೆಗೆದರು, ಮತ್ತೆ ಹಾಕಿದರು. "ನನ್ನ ಫೋನಿಗೆ ಕಳಿಸಿ ಹೋಗು. ಆಮೇಲೆ ಹೇಳ್ತೀನಿ." ಕಿಟ್ಟಿ ಕೋಡುಬಳೆ ದುಡ್ಡಿಗೆ ಜೇಬಿಗೆ ಕೈಹಾಕಿದಾಗ, "ಹೋಗು ನೀನು," ಎಂದಷ್ಟೇ ಹೇಳಿದರು.

ಒಂದು ವಾರ ಫೋನು ಬರಲಿಲ್ಲ. ಕಾರ್ಯಕ್ರಮಕ್ಕೆ ಹತ್ತೊಂಬತ್ತು ದಿನ ಉಳಿದಿದ್ದು ಹನ್ನೆರಡಾಯಿತು. ಮೋಹಿತ್ ದಿನಾ ಸಂಜೆ ಬಂದು ಬಾಗಿಲಲ್ಲೇ "ಏನಾರ ಗೊತ್ತಾಯ್ತಾ?" ಎಂದು ಕೇಳುವನು, ಇಲ್ಲ ಎಂದರೆ ಒಳಗೆ ಬಂದು ಉಪ್ಪಿಟ್ಟು ತಿಂದು ಹೋಗುವನು. ಸಮನ್ವಿತಾ ಬೇರೆ ಬೀಟು ಕಟ್ಟಲು ನೋಡಿದಳು, ಒಂದೂ ಮನಸ್ಸಿಗೆ ಬರಲಿಲ್ಲ. ಆದರೆ ಮನೆಯಲ್ಲಿ ಚೀಟಿ ಪೆನ್ಸಿಲ್ಲಿನ ಕೆಲಸ ಮುಗಿದಿತ್ತು. ಕಿಟ್ಟಿ ಮಗಳಿಗಾಗಿ ಲ್ಯಾಪ್‌ಟಾಪಿಗೆ ಹೊಸ ಬ್ಯಾಟರಿ ಹಾಕಿಸಿಕೊಂಡು ಬಂದ. "ಇನ್ಮೇಲೆ ಕಿತ್ತರೂ ನಡೆಯತ್ತೆ," ಅಂದ. ಅವಳು, "ಕೀಳ್ಬೇಡ, ಅಷ್ಟೇ," ಅಂದಳು.

ಗುರುವಾರ ಮೂರು ಗಂಟೆಗೆ, ಸರಿಯಾಗಿ ನಿದ್ದೆಯ ಹೊತ್ತಿಗೆ, ಬೆಲ್ಲಾಯಿತು. ವಾರಿಜ ಬಾಗಿಲು ತೆಗೆದರೆ ಮಧುಮತಿ ನಿಂತಿದ್ದರು. ಮೆಟ್ಟಿಲು ಹತ್ತಿ ಉಸಿರು ಮೇಲಕ್ಕೆ ಬಂದಿತ್ತು. ಕೈಯಲ್ಲಿ ನಿಪ್ಪಟ್ಟಿನ ಪೊಟ್ಟಣ.

"ಗುರುವಾರ ಅಂಗಡಿಗೆ ರಜ," ಅಂದರು. "ಕಿಟ್ಟಿನ ಎಬ್ಬಿಸಿ. ಆ ಟೇಪು ಪೂರ್ತಿ ಕೇಳ್ಬೇಕು ನಾನು."

ನಾಲ್ವರೂ ಸಮನ್ವಿತಾಳ ಕೋಣೆಯಲ್ಲಿ ಕೂತರು. ಮಧುಮತಿಗೆ ಕುರ್ಚಿ, ಮಿಕ್ಕವರು ಮಂಚದ ಮೇಲೆ. ಕಿಟ್ಟಿ ಕ್ಯಾಸೆಟ್ಟು ಹಾಕಿ ಒಂದು ಕ್ಷಣ ಕೇಳಿದ, ತಲೆಯಾಡಿಸಿದ, ಡ್ರಾಯರಿನಿಂದ ಗಡಿಯಾರದವರ ಸಣ್ಣ ಸ್ಕ್ರೂಡ್ರೈವರ್ ತಂದು ಡೆಕ್ಕಿನಲ್ಲಿ ಟೇಪು ಓದುವ ಹೆಡ್ಡಿನ ಪಕ್ಕದ ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸಿದ. ಮುಚ್ಚಿದ ಬಾಗಿಲು ತೆಗೆದಂತೆ ದನಿ ಈಚೆಗೆ ಬಂತು. ಸಮನ್ವಿತಾ ಬಾಯಿಬಿಟ್ಟು ಅಪ್ಪನ ಕೈ ನೋಡಿದಳು. "ಇದನ್ನ ನನಗೆ ಹೇಳ್ಕೊಟ್ಟೇ ಇಲ್ಲ ನೀನು."

"ಕೇಳಿದ್ರೆ ತಾನೇ."

ಪಲ್ಲವಿ ಮುಗಿಯಿತು, ಮೊದಲ ಚರಣ ಮುಗಿಯಿತು. ಎರಡನೆಯದು ಶುರುವಾದಾಗ ಮಧುಮತಿ ಸೆರಗಿನ ತುದಿ ಹಿಡಿದುಕೊಂಡರು. ಮೊದಲ ಸಾಲು ಬಂತು. ಎರಡನೆಯದು ಬರಲಿಲ್ಲ. ತಬಲಾ ಒಂದು ಮಾತ್ರೆ ತಡವರಿಸಿ ಮತ್ತೆ ಗಟ್ಟಿಯಾಯಿತು. ಅದರ ಮೇಲೆ ಗುನುಗು ಎದ್ದಿತು, ಏರಿತು, ಒಂದು ಕಡೆ ನಡುಗಿ ನಿಂತು, ಸುತ್ತಿಕೊಂಡು ಪಲ್ಲವಿಗಿಳಿಯಿತು. ಹಿಂದೆ ದೂರದಲ್ಲಿ ಎರಡು ಶಿಳ್ಳೆ.

"ಇನ್ನೊಂದ್ಸಲ," ಅಂದರು ಮಧುಮತಿ.

ಮೂರು ಸಲ ಹಾಕಿಸಿದರು. ಮೂರನೆಯದಾದ ಮೇಲೆ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು. "ಅಪಸ್ವರ ಆಗಿತ್ತು ಅಂತ ಮಾಸ್ತರು ಹೇಳಿದ್ರು. ನಾನೂ ಹಾಗೇ ಅಂದ್ಕೊಂಡಿದ್ದೆ. ಅವತ್ತು ಬೆಳಗ್ಗೆಯಿಂದ ಮೂರು ಕಡೆ ಹಾಡಿ ಬಂದಿದ್ದೆ, ಊಟ ಇಲ್ಲ. ಏನು ಗುನುಗಿದೆ ಅಂತಾನೂ ಗೊತ್ತಿರ್ಲಿಲ್ಲ." ಕನ್ನಡಕ ಹಾಕಿಕೊಳ್ಳುತ್ತ, ತಮಗೆ ತಾವೇ ಹೇಳಿಕೊಂಡಂತೆ, "ಶ್ರುತಿ ಬಿಟ್ಟಿಲ್ಲ ನಾನು," ಅಂದರು.

"ಒಂದು ಚೂರೂ ಬಿಟ್ಟಿಲ್ಲ," ಅಂದ ಕಿಟ್ಟಿ. "ಆವತ್ತೇ ಗೊತ್ತಿತ್ತು ನನಗೆ. ಅದಕ್ಕೇ ಕೈ ಬರ್ಲಿಲ್ಲ."

"ಆವತ್ತೇ ಹೇಳ್ಬೇಕಿತ್ತು ನೀನು."

"ನಾನು ಇಪ್ಪತ್ತೈದು ವರ್ಷದ ಹುಡುಗ. ಮಾಸ್ತರು ತಪ್ಪು ಅಂದ್ಮೇಲೆ ನಾನು ಹೇಗೆ ಹೇಳ್ಲಿ?"

ಮಧುಮತಿ, ವಾರಿಜ ತಂದ ಕಾಫಿಯನ್ನು ಅರ್ಧ ಕುಡಿದು, ಸಮನ್ವಿತಾಳ ಕಡೆ ತಿರುಗಿದರು.

"ಈಗ ನಿನ್ನ ವಿಷಯ. ನನ್ನ ದನೀನ ಯಾಕೆ ಮಗು ದನಿ ಮಾಡಿದೀಯ?"

"ವೇಗ ಜಾಸ್ತಿ ಮಾಡಿದ್ರೆ ಹಾಗಾಗತ್ತೆ ಆಂಟಿ. ಆ ಥರದ ಬೀಟಲ್ಲಿ ಹಾಗೇ ಮಾಡ್ತಾರೆ."

"ಯಾರಾದ್ರೂ ಮಾಡ್ಕೊಳ್ಳಲಿ. ಆಗ ನನಗೆ ಮೂವತ್ತು ವರ್ಷ. ಎರಡು ಮಕ್ಕಳ ತಾಯಿ. ಮೂವತ್ತು ವರ್ಷದ ಹೆಂಗಸಿನ ದನೀಲೇ ಇರ್ಲಿ."

ಸಮನ್ವಿತಾ ಕೂತು ವೇಗವನ್ನು ಮೂಲಕ್ಕೆ ಇಳಿಸಿದಳು. ಡ್ರಮ್ಮು ನಿಧಾನವಾಯಿತು, ದನಿಗೆ ಮೈ ಬಂತು. ಅವಳು ಕತ್ತು ಓರೆ ಮಾಡಿ ಕೇಳಿ, ಡ್ರಮ್ಮುಗಳಲ್ಲಿ ಅರ್ಧದಷ್ಟನ್ನು ಕಿತ್ತುಹಾಕಿದಳು. ಈಗ ಗುನುಗಿನ ಕೊನೆಯಲ್ಲಿ ಉಸಿರು ತೆಗೆದುಕೊಳ್ಳುವ ಸದ್ದೂ ಕೇಳುತ್ತಿತ್ತು. ಅದನ್ನು ಕತ್ತರಿಸಲು ಅವಳು ಕೈ ಮುಂದೆ ಮಾಡಿದಾಗ ಕಿಟ್ಟಿ ತಡೆದ. "ಇರ್ಲಿ ಬಿಡು ಅದು."

"ನೀನಾ ಹೇಳ್ತಿರೋದು?"

"ಇರ್ಲಿ."

ಹೊರಡುವಾಗ ಮಧುಮತಿ ಎರಡು ಮಾತು ಹೇಳಿದರು. ಹೆಸರು ಬರೆಯುವಾಗ ಇನಿಷಿಯಲ್ ಸೇರಿಸಿ ಬಿ.ಎಸ್. ಮಧುಮತಿ ಎಂದು ಬರೆಯಬೇಕು. "ತಬಲಾ ನುಡಿಸಿದವನು ಕೆಂಪರಾಜು. ನಾನು ಬೀಳೋವಾಗ ಹಿಡ್ಕೊಂಡಿದ್ದು ಅವನೇ. ಈಗ ಕನಕಪುರದಲ್ಲಿ ಮಗನ ಮನೇಲಿದಾನೆ, ನಾನೇ ಫೋನ್ ಮಾಡಿ ಕೇಳ್ತೀನಿ. ಒಪ್ಪಿದ್ರೆ ಅವನ ಹೆಸರೂ ಇರ್ಬೇಕು." ಕೆಂಪರಾಜು ಒಪ್ಪಿದ. ತಾನು ಒಂದು ಮಾತ್ರೆ ತಡವರಿಸಿದ್ದನ್ನು ಮಾತ್ರ ತೆಗೆಸು ಎಂದನಂತೆ. ಮಧುಮತಿ, ಆಗಲ್ಲ, ಹಾಗೇ ಇರತ್ತೆ ಎಂದರಂತೆ.

ಬೀಟು ನಿಧಾನವಾದದ್ದರಿಂದ ಮೋಹಿತ್‌ಗೆ ಕಷ್ಟ ಬಂತು. ಅವನ ಮಾತೆಲ್ಲ ತಾಳಕ್ಕೆ ಮೊದಲೇ ಮುಗಿದುಬಿಡುತ್ತಿತ್ತು. "ಇದು ಜೋಗುಳ ಆಗೋಯ್ತು ಮಗಾ," ಎಂದು ಗೊಣಗಿದ. ಕಿಟ್ಟಿ ಹಾಲಿನಲ್ಲಿ ಪೇಪರು ಓದುತ್ತಲೇ, "ಅಮ್ಮ ಬಸ್ಸಲ್ಲಿ ನಿಂತಿದಾಳೆ ಅಂತೀಯ. ಬಸ್ಸು ಟ್ರಾಫಿಕ್ಕಲ್ಲಿ ನಿಂತಿದೆ ಅಂತೀಯ. ನಿನಗೆ ಮಾತ್ರ ಎಲ್ಲಿಗೋ ಅವಸರ?" ಎಂದ. ಮೋಹಿತ್ ಪೆನ್ನು ಕಚ್ಚುತ್ತ ಕೂತು ಅರ್ಧ ಸಾಲು ಹೊಡೆದುಹಾಕಿದ. ಅವತ್ತು ಅವನು ಮೂರೇ ಚಪಾತಿ ತಿಂದದ್ದು ನೋಡಿ ವಾರಿಜ ಮೈ ಸರಿಯಿಲ್ಲವೇ ಎಂದು ಕೇಳಿದಳು.

ಕಾರ್ಯಕ್ರಮ ಭಾನುವಾರ ಸಂಜೆ ನಾಲ್ಕಕ್ಕೆ, ಜೆ.ಪಿ. ನಗರದ ಒಂದು ಸಣ್ಣ ಹಾಲಿನಲ್ಲಿ. ಇನ್ನೂರು ಜನ ಹುಡುಗ ಹುಡುಗಿಯರು, ಹೆಚ್ಚಿನವರು ನಿಂತೇ ಇದ್ದರು. ಹಿಂದಿನ ಸಾಲಿನಲ್ಲಿ ನಾಲ್ಕು ಕುರ್ಚಿ ಹಾಕಿಸಿದ್ದಳು ಸಮನ್ವಿತಾ. ಕಿಟ್ಟಿ, 'ಸೌಂಡಿನವರ ಹತ್ರ ಒಂದು ಮಾತು ಹೇಳಿ ಬರ್ತೀನಿ' ಎಂದು ಹೋದವನು ತಿರುಗಿ ಬರಲೇ ಇಲ್ಲ, ಅವರ ಜೊತೆಯೇ ನಿಂತುಬಿಟ್ಟ. ಮುನಿಲಕ್ಷ್ಮಮ್ಮ ಮಾರ್ಕೆಟ್ಟಿನಿಂದ ನೇರವಾಗಿ ಬಂದಿದ್ದಳು. ಬಂದವಳೇ ವಾರಿಜಳಿಗೂ ಮಧುಮತಿಗೂ ಒಂದೊಂದು ಮೊಳ ಕಾಕಡ ಮುಡಿಸಿ ಕೂತಳು.

ಮೂರನೆಯದಾಗಿ ಇವರ ಸರದಿ. ಸಮನ್ವಿತಾ ಮೇಜಿನ ಹಿಂದೆ ನಿಂತು ಮೈಕಿನಲ್ಲಿ, "ದನಿ ಬಿ.ಎಸ್. ಮಧುಮತಿ, ತಬಲಾ ಕೆಂಪರಾಜು," ಎಂದಳು. ಗುನುಗು ಇಡೀ ಹಾಲನ್ನು ತುಂಬಿತು. ಮೋಹಿತ್ ತನ್ನ ಅಮ್ಮನ ಬಸ್ಸಿನ ಮಾತನ್ನು ಅವಸರವಿಲ್ಲದೆ ಹೇಳಿದ. ಮುನಿಲಕ್ಷ್ಮಮ್ಮ, "ನನ್ನ ವಿಷ್ಯ ಎಲ್ಲಾ ಹೇಳ್ಬಿಡ್ತಾವ್ನೆ ಇವ್ನು," ಎಂದು ಸೆರಗು ಬಾಯಿಗೊತ್ತಿಕೊಂಡಳು. ಕೊನೆಯಲ್ಲಿ ಮೋಹಿತ್ ಸುಮ್ಮನಾದ, ಡ್ರಮ್ಮೂ ನಿಂತಿತು. ತಬಲಾ ಗುನುಗು ಎರಡೇ ಉಳಿದವು. ಅಷ್ಟು ಹೊತ್ತಿಗೆ ಅದು ಎಲ್ಲರ ಕಿವಿಗೂ ಹತ್ತಿತ್ತು. ಮುಂದಿನ ಸಾಲಿನಲ್ಲಿ ಯಾರೋ ಜೊತೆಗೂಡಿದರು, ಆಮೇಲೆ ಪಕ್ಕದವರು, ಆಮೇಲೆ ಇಡೀ ಹಾಲು. ಸೌಂಡಿನವನ ಪಕ್ಕದಲ್ಲಿ ನಿಂತಿದ್ದ ಕಿಟ್ಟಿ ಅವನ ತೋಳು ತಟ್ಟಿ ಸ್ಪೀಕರ್ ಸಣ್ಣದು ಮಾಡಿಸಿದ. ಈಗ ಕೇಳುತ್ತಿದ್ದದ್ದು ಆ ಇನ್ನೂರು ಜನರದೇ ದನಿ.

ಮಧುಮತಿ ಮಡಿಲಲ್ಲಿ ಕೈಚೀಲ ಇಟ್ಟುಕೊಂಡು ನೆಟ್ಟಗೆ ಕೂತಿದ್ದರು. ವಾರಿಜಳ ಕಡೆ ಬಾಗಿ, "ನೋಡಿ, ಇಷ್ಟು ಜನಕ್ಕೂ ಸಾಲು ಮರೆತುಹೋಗಿದೆ," ಅಂದರು.

ವಾರಿಜ ನಕ್ಕಳು. "ನಿಮಗೆ ಆಮೇಲೆ ಯಾವತ್ತಾದ್ರೂ ನೆನಪಾಯ್ತಾ ಆ ಸಾಲು?"

"ಸ್ಟೇಜ್ ಇಳಿದು ಚಪ್ಪಲಿ ಹಾಕ್ಕೊಳ್ತಿದ್ದಾಗ ನೆನಪಾಯ್ತು. ಅವತ್ತಿಂದ ಒಂದು ದಿನಾನೂ ಮರೆತಿಲ್ಲ."

"ಏನದು, ಹೇಳಿ."

ಮಧುಮತಿ ತುಟಿಯ ಮೇಲೆ ಬೆರಳಿಟ್ಟರು.

"ಈಗ ಬೇಡ. ಮಕ್ಕಳು ಹಾಡ್ತಿದಾರೆ."